ನಿಮ್ಮನೇಲಿ ಬಲ್ಬು ಎಂಗೆ ಉರೀತೈತೆ?

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯವರೊಬ್ಬರು ಒಮ್ಮೆ ಅವರ ಹೆಸರು ಹಿಡಿದು ಹೊಗಳಿದ್ದಕ್ಕೆ ಅವರ ಅನ್ನಕ್ಕೆ ಕಲ್ಲು ಬಿತ್ತು. ಅಂದಿನಿಂದ ನಮ್ಮ ಬಾಯಿಯ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ. ಮನೆಯಲ್ಲಿ ನಾವು ಅವರನ್ನು ಬಲ್ಬಣ್ಣ ಎನ್ನುತ್ತಿದ್ದೆವು. ಕಳೆದ ತಿಂಗಳು ಎಡಪ್ಪಾಡಿಯಿಂದ ಅವರ ದೊಡ್ಡ ಮಗಳು ಫೋನು ಮಾಡಿ, ಅಪ್ಪ ಹೋಗಿಬಿಟ್ಟರು ಎಂದಳು. ನಾನು ಆಗ ಹರೂರಿನ ನನ್ನ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ತೋರಿಸುತ್ತಿದ್ದೆ. ಫೋನಿಟ್ಟು ಬಂದು ಪಾಠ ಮುಂದುವರಿಸಿದೆ. ಅವರು ಇದ್ದಿದ್ದರೆ ಅದನ್ನೇ ಮಾಡು ಎನ್ನುತ್ತಿದ್ದರು.

ಅವರನ್ನು ಕಂಡದ್ದು ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ. ನಮ್ಮೂರು ತಮಿಳುನಾಡಿನ ಪಾಪಿರೆಡ್ಡಿಪಟ್ಟಿಯ ಪಕ್ಕ. ಮನೆಯಲ್ಲಿ ಮಾತು ಕನ್ನಡ, ಓದಿದ್ದೆಲ್ಲ ತಮಿಳು. ಕನ್ನಡದ ಅಕ್ಷರಗಳನ್ನು ಬಹಳ ತಡವಾಗಿ ನಾನೇ ಕಲಿತೆ. ಸೇಲಂನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಎರಡನೇ ವರ್ಷದಲ್ಲಿದ್ದೆ. ಅಲ್ಲಿನ ಲ್ಯಾಬಿನ ಒಂದೇ ಒಂದು ಕಂಪ್ಯೂಟರಿನಲ್ಲಿ ಕಾರಿನ ರೇಸು ಇತ್ತು. ಅದರ ಮುಂದೆ ಸರದಿ. ಒಬ್ಬಳಿಗೆ ಐದು ನಿಮಿಷ. ನಾನು ಮೂರನೇ ತಿರುವು ದಾಟುವಷ್ಟರಲ್ಲಿ ಹಿಂದಿನವಳು ಎದ್ದೇಳೇ ಎಂದು ಜಡೆ ಎಳೆಯುತ್ತಿದ್ದಳು. ಯಾರೂ ಜಡೆ ಎಳೆಯದ ಕಡೆ ಕೂತು ಆ ರೇಸನ್ನು ಕೊನೆ ಮುಟ್ಟಿಸಬೇಕು ಎನ್ನುವುದು ಆ ವಯಸ್ಸಿನಲ್ಲಿ ನನಗಿದ್ದ ಒಂದೇ ಗುರಿ. ನಗುವವರು ನಗಲಿ.

ಕಂಪ್ಯೂಟರ್ ಬೇಕು ಎಂದು ಅಪ್ಪನ ಮುಂದೆ ನಿಂತಾಗ, ಓದುವುದಕ್ಕೆ ಎಂಬ ಸುಳ್ಳನ್ನು ನೀಟಾಗಿ ಮಡಿಸಿ ಇಟ್ಟುಕೊಂಡಿದ್ದೆ. ಅಪ್ಪ ಏನಕ್ಕೆ ಎಂದು ಕೇಳಿದ. ನನ್ನ ಬಾಯಿಂದ ನಿಜವೇ ಬಿತ್ತು, ಆಟ ಆಡಾಕೆ ಎಂದೆ. ಅಪ್ಪ ನಮ್ಮೂರಿನ ಬೇವಿನ ಕಟ್ಟೆಯಲ್ಲಿ ಆಡು ಹುಲಿ ಆಟದಲ್ಲಿ ಸೋಲದ ಮನುಷ್ಯ. ಕಲ್ಲಿನ ಮೇಲೆ ಇದ್ದಿಲಲ್ಲಿ ಮನೆ ಬರೆದು ಕೂತರೆ ಊಟ ಮರೆಯುವವನು.

"ಓದಾಕೆ ಅಂದಿದ್ರೆ ಕೊಡುಸ್ತಿರ್ಲಿಲ್ಲ. ಓದಾಕೆ ಪುಸ್ತಕ ಐತೆ," ಎಂದ. ಆ ವರ್ಷದ ಅರಿಶಿನ ಮಾರಿದ ದುಡ್ಡು ಬಂದಿತ್ತು. ಮಿತಿ ಇಷ್ಟು, ಇದರಾಚೆ ಒಂದು ಕಾಸಿಲ್ಲ ಎಂದು ಹೇಳಿ, ಮಾರನೇ ವಾರ ಬಿಳಿ ಷರ್ಟು ಹಾಕಿಕೊಂಡು ನನ್ನ ಜೊತೆ ಸೇಲಂಗೆ ಹೊರಟ.

ಅಪ್ಪನ ಬಗ್ಗೆ ಒಂದು ಮಾತು ಮೊದಲೇ ಹೇಳಬೇಕು. ಹೊಟ್ಟೆಯಲ್ಲಿದ್ದದ್ದೆಲ್ಲ ಅವನಿಗೆ ಬಾಯಲ್ಲಿ. ಬೈಯುವುದಾದರೆ ಎದುರಿಗೆ, ಹೊಗಳುವುದಾದರೂ ಎದುರಿಗೆ. ಅದರಲ್ಲೂ ಒಬ್ಬ ಆಳು ನಮಗೆ ಒಳ್ಳೆಯದು ಮಾಡಿದರೆ ಅದನ್ನು ಅವನ ಒಡೆಯನ ಮುಂದೆಯೇ ಹೇಳಬೇಕು, ಬೇರೆ ಕಡೆ ಹೇಳಿದ್ದು ಗಾಳಿಗೆ ಹೋಗುತ್ತದೆ ಎನ್ನುವುದು ನಮ್ಮ ತಾತನಿಂದ ಬಂದ ಪದ್ಧತಿ. ಒಬ್ಬರ ಹೊಲದ ಆಳು ನಮ್ಮ ಎತ್ತನ್ನು ಹಿಡಿದು ಕಟ್ಟಿದನೆಂದರೆ, ಅಪ್ಪ ಆ ಹೊಲದವನ ಮನೆಗೇ ಹೋಗಿ ಜಗಲಿಯಲ್ಲಿ ಕೂತು ಹೇಳಿ ಬರುತ್ತಿದ್ದ. ಅಲ್ಲೆಲ್ಲ ಅದು ನಡೆಯುತ್ತಿತ್ತು.

ಸೇಲಂನ ಆ ಅಂಗಡಿ ಒಂದು ಕಿರಿದಾದ ಮಹಡಿಯ ಮೇಲಿತ್ತು. ಬಾಗಿಲ ಬಳಿ ಫೋನು ಹಿಡಿದು ಕೂತಿದ್ದವರು ಮುದಲಾಳಿ, ಅಂದರೆ ಮಾಲೀಕರು. ಒಳಗಿನ ಮೇಜಿನ ಹಿಂದೆ ಮೂವತ್ತೈದರ ಸುಮಾರಿನ ಒಬ್ಬ ತೆಳ್ಳನೆಯ ಮನುಷ್ಯ. ಉದ್ದ ಮೂಗು, ಉದ್ದ ಬೆರಳು, ಷರ್ಟಿನ ಜೇಬಿನಲ್ಲಿ ಪೆನ್ನಿನ ಬದಲು ಶಾಲೆಯ ಮಕ್ಕಳ ರಬ್ಬರು. ನನಗೆ ಯಾವ ಪ್ರೊಸೆಸರ್ ಬೇಕು, ಎಷ್ಟು ಮೆಮೊರಿ ಬೇಕು ಎಂದು ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ. ಅವರು ಕಾಗದವನ್ನು ತೆಗೆದುಕೊಂಡು ಮಗುಚಿ ಇಟ್ಟರು. ನಿಮ್ಮ ಮನೆಯಲ್ಲಿ ಬಲ್ಬು ಹೇಗೆ ಉರಿಯುತ್ತದೆ ಎಂದು ತಮಿಳಿನಲ್ಲಿ ಕೇಳಿದರು.

ಸೇಲಂನ ಅಂಗಡಿಗಳಲ್ಲಿ ನಮ್ಮಂಥವರಿಗೆ ಕನ್ನಡವೇ ಒಂದು ಮರೆ. ಸೀರೆಯಂಗಡಿಯಲ್ಲಿ, ಚಿನ್ನದಂಗಡಿಯಲ್ಲಿ, ಎದುರಿನವನಿಗೆ ತಿಳಿಯದ ಹಾಗೆ ಮನೆಯ ಮಾತಿನಲ್ಲೇ ಲೆಕ್ಕಾಚಾರ ಮಾಡಿ ಆಮೇಲೆ ತಮಿಳಿಗೆ ತಿರುಗುತ್ತೇವೆ. ಅಪ್ಪ ನನ್ನ ಕಡೆ ಬಾಗಿ, ಕಂಪ್ಯೂಟರ್ ಕೇಳಿದರೆ ಬಲ್ಬಿನ ಮಾತಾಡುತ್ತಾನಲ್ಲ, ಈ ಮೂಗಿನವನು ನಮ್ಮ ತಲೆ ಬೋಳಿಸುತ್ತಾನೆ, ಬೇರೆ ಅಂಗಡಿ ನೋಡುವವರ ಹಾಗೆ ಎದ್ದುಬಿಡೋಣ ಎಂದು ಗಟ್ಟಿಯಾಗಿಯೇ ಕನ್ನಡದಲ್ಲಿ ಹೇಳಿದ. ಅವರ ಮುಖ ಬದಲಾಗಲಿಲ್ಲ. ಮುದಲಾಳಿ ಫೋನಿನಲ್ಲಿ ಜೋರಾಗಿ ಮಾತಾಡಲು ಶುರು ಮಾಡಿದ ಮೇಲೆ, ಮೇಜಿನ ಮೇಲೆ ಬಾಗಿ ಏನೋ ಬರೆಯುತ್ತಾ, ತಲೆಯೆತ್ತದೆ ಹೇಳಿದರು:

"ಎದ್ದೋಗಿ ಅಣ್ಣಾ, ಅದೇ ಒಳ್ಳೇದು. ಆದ್ರೆ ಈ ಮೂಗಿನವ್ನು ಏಳಾದ ಕೇಳ್ಕಂಡು ಓಗಿ. ನಿಮ್ಮನೇಲಿ ಬಲ್ಬು ಎಂಗೆ ಉರೀತೈತೆ?"

ಅಪ್ಪ ನಾಲಿಗೆ ಕಚ್ಚಿಕೊಂಡದ್ದನ್ನು ನಾನು ಜೀವನದಲ್ಲಿ ನೋಡಿದ್ದು ಎರಡು ಸಲ. ಇದು ಮೊದಲನೆಯದು.

ಅವರು ಎಡಪ್ಪಾಡಿಯ ನೇಕಾರರ ಮನೆಯವರು. ಅವರ ಕನ್ನಡಕ್ಕೂ ನಮ್ಮದಕ್ಕೂ ಸ್ವಲ್ಪ ರಾಗ ಬೇರೆ, ಅಷ್ಟೇ. ಮನೆಯಲ್ಲಿ ನೆಲದ ಗುಂಡಿಗೆ ಕಾಲಿಳಿಸಿ ನೇಯುವ ಗುಂಡಿ ಮಗ್ಗ ಇತ್ತು, ನೇಯ್ದದ್ದಕ್ಕೆ ಕೂಲಿ ಹುಟ್ಟುತ್ತಿರಲಿಲ್ಲ. ಮೊದಲು ರೇಡಿಯೊ ರಿಪೇರಿ, ಆಮೇಲೆ ಟೀವಿ, ಆಮೇಲೆ ಈ ಅಂಗಡಿ. ದಿನಾ ಬೆಳಿಗ್ಗೆ ಎಡಪ್ಪಾಡಿಯಿಂದ ಬಸ್ಸು, ಸಂಜೆ ಮತ್ತೆ ಬಸ್ಸು. ತಾಯಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಎಲ್ಲರ ಊಟ ಆ ಮೇಜಿನಿಂದಲೇ ಬರಬೇಕಿತ್ತು.

ಬಲ್ಬಿನ ಪ್ರಶ್ನೆಗೆ ಅಪ್ಪ ಕೊಟ್ಟ ಉತ್ತರ ಇದು: ಸಾಯಂಕಾಲ ಊರಿನ ಬಾವಿಗಳಲ್ಲೆಲ್ಲ ಮೋಟರು ಹಾಕಿದರೆ ಬಲ್ಬು ಕೆಂಡದ ಹಾಗೆ ಕೆಂಪಗಾಗುತ್ತದೆ, ಮೋಟರು ನಿಂತರೆ ಕಣ್ಣು ಕುಕ್ಕುತ್ತದೆ. ಹಾಗಾದರೆ ಮೊದಲ ಸಾಮಾನು ಸ್ಟೆಬಿಲೈಸರ್, ಎರಡನೆಯದು ಗಟ್ಟಿಯಾದ ಪವರ್ ಸಪ್ಲೈ, ಮಿಕ್ಕದ್ದೆಲ್ಲ ಆಮೇಲೆ ಎಂದರು. ನನಗೆ ನಿರಾಸೆಯಾಯಿತು. ಇರುವ ಸ್ವಲ್ಪ ದುಡ್ಡು ಕಣ್ಣಿಗೆ ಕಾಣದ ಪೆಟ್ಟಿಗೆಗಳಿಗೇ ಹೋದರೆ ಕಾರು ಓಡುವುದು ಯಾವಾಗ?

"ಗುಂಡಿ ತೋಡ್ದೆ ಮಗ್ಗ ತತ್ತಾರೇನಮ್ಮಾ?" ಎಂದರು.

ಆ ಮಾತನ್ನು ನಾನು ಇವತ್ತಿಗೂ ನನ್ನ ಶಾಲೆಯ ಮಕ್ಕಳಿಗೆ ಹೇಳುತ್ತೇನೆ. ಅವರು ಮಗ್ಗವನ್ನೇ ನೋಡಿಲ್ಲ. ಆದರೂ ಅರ್ಥವಾಗುತ್ತದೆ.

ಅಂಗಡಿಯ ಗೋಡೆಗೆ ಒಂದೇ ಥರದ ಮದರ್‌ಬೋರ್ಡುಗಳ ಡಬ್ಬಗಳನ್ನು ಎದೆಮಟ್ಟ ಪೇರಿಸಿದ್ದರು. ಅದರಲ್ಲಿ ಚಿತ್ರ ತೋರಿಸುವುದು, ಸದ್ದು ಹೊರಡಿಸುವುದು, ಎಲ್ಲ ಬೋರ್ಡಿಗೇ ಅಂಟಿಕೊಂಡು ಬರುತ್ತಿತ್ತು. ಅಗ್ಗವೂ ಹೌದು. ಬಂದವರಿಗೆಲ್ಲ ಅದನ್ನೇ ಕೊಟ್ಟು ಖಾಲಿ ಮಾಡಬೇಕೆಂದು ಮುದಲಾಳಿಯ ಅಪ್ಪಣೆ. ಬಲ್ಬಣ್ಣ ಒಂದು ಡಬ್ಬ ಬಿಚ್ಚಿ, ನೇಯ್ದ ಬಟ್ಟೆಯಲ್ಲಿ ತಪ್ಪಿದ ಎಳೆ ಹುಡುಕುವವರ ಹಾಗೆ ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಇದು ಚೆನ್ನಾಗಿ ಓಡುತ್ತದೆ ಎಂದು ಮುದಲಾಳಿಗೆ ಕೇಳುವ ಹಾಗೆ ತಮಿಳಿನಲ್ಲಿ ಹೇಳಿದರು. ಅದೇ ಉಸಿರಿನಲ್ಲಿ, ದನಿ ತಗ್ಗಿಸಿ ಕನ್ನಡದಲ್ಲಿ:

"ಬೋರ್ಡು ಓಡ್ತೈತೆ. ನಿನ್ನ ಕಾರು ಓಡಲ್ಲ. ಗ್ರಾಫಿಕ್ಸ್ ಕಾರ್ಡು ಕೂರಾಕೆ ಇದ್ರಾಗೆ ಜಾಗನೇ ಇಲ್ಲ. ಇದ ತಗಾಬೇಡ."

ಅವರು ತಮಿಳಿನಲ್ಲಿ ಸುಳ್ಳು ಹೇಳಿದ್ದನ್ನು ನಾನು ಕೇಳಲೇ ಇಲ್ಲ. ಅಲ್ಲಿ ಅರ್ಧ ನಿಜ ಹೇಳುತ್ತಿದ್ದರು, ಉಳಿದರ್ಧವನ್ನು ಕನ್ನಡದಲ್ಲಿ ತೀರಿಸುತ್ತಿದ್ದರು. ಹೀಗೆ ಆ ಮಧ್ಯಾಹ್ನ ಪೂರ್ತಿ ನಮ್ಮ ಕಂಪ್ಯೂಟರ್ ಎರಡು ಭಾಷೆಯಲ್ಲಿ ಕೂಡಿಕೊಂಡಿತು. ಪ್ರೊಸೆಸರನ್ನು ಒಂದು ಮೆಟ್ಟಿಲು ಇಳಿಸು, ಆ ಉಳಿತಾಯವನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕು ಎಂದರು. ಹಾರ್ಡ್ ಡಿಸ್ಕು ಚಿಕ್ಕದು ಸಾಕು, ಎಷ್ಟು ಆಟ ಒಟ್ಟಿಗೆ ಆಡುತ್ತೀ? ಸ್ಪೀಕರು ಬೇಡ, ರೇಡಿಯೊಗೆ ತಂತಿ ಎಳೆದು ಕೊಡುತ್ತೇನೆ. ಮಾನಿಟರು ಮಾತ್ರ ಒಳ್ಳೆಯದೇ ಇರಲಿ, ಕಣ್ಣು ಎರಡೇ ಇರುವುದು. ಅವರ ಬಾಯಲ್ಲಿ 'ಬೆಸ್ಟು' ಎನ್ನುವ ಮಾತು ಬರುತ್ತಿರಲಿಲ್ಲ. 'ನಿಂಗಿದು ಸಾಕು' ಎನ್ನುವುದೇ ಅವರ ದೊಡ್ಡ ಶಿಫಾರಸು. ಸರಿಯಾದ ಬೋರ್ಡೂ ಕಾರ್ಡೂ ಹಿಂದಿನ ಬೀದಿಯ ಇನ್ನೊಂದು ಅಂಗಡಿಯಲ್ಲಿ ಸಿಗುತ್ತವೆ ಎಂದು ದಾರಿಯನ್ನೂ ಕನ್ನಡದಲ್ಲಿ ಹೇಳಿದರು. ಮಿಕ್ಕದ್ದನ್ನು ಅವರಲ್ಲೇ ಕೊಂಡೆವು. ಬಸ್ಸು ಮಂಜವಾಡಿ ಘಾಟಿ ಇಳಿಯುವವರೆಗೂ ಅಪ್ಪ ಮಾನಿಟರನ್ನು ಮದುವೆ ಹೆಣ್ಣಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡಿದ್ದ.

ಆ ಭಾನುವಾರ ಅದನ್ನೆಲ್ಲ ಕೂಡಿಸಿಕೊಡಲು ಬಲ್ಬಣ್ಣನೇ ನಮ್ಮೂರಿಗೆ ಬಂದರು. ಬಂದವರು ಕಂಪ್ಯೂಟರನ್ನು ಮುಟ್ಟಲಿಲ್ಲ. ಚೀಲದಿಂದ ವೋಲ್ಟೇಜು ಅಳೆಯುವ ಮೀಟರು ತೆಗೆದು ಗೋಡೆಯ ಸಾಕೆಟ್ಟಿಗೆ ಚುಚ್ಚಿ, ಅಪ್ಪನನ್ನು ಬಾವಿಗೆ ಕಳಿಸಿ ಮೋಟರು ಹಾಕಿಸಿದರು, ನಿಲ್ಲಿಸಿದರು, ಮತ್ತೆ ಹಾಕಿಸಿದರು. ತೃಪ್ತಿಯಾದ ಮೇಲೆ ನೆಲದ ಮೇಲೆ ಚಾಪೆ ಹಾಸಿಸಿ ಕೂತರು. ಮೆಮೊರಿಯ ಚಿನ್ನದ ಬಣ್ಣದ ಹಲ್ಲುಗಳನ್ನು ಜೇಬಿನ ರಬ್ಬರಿನಿಂದ ಉಜ್ಜಿದರು. ಹೊಸದಲ್ಲವಾ ಎಂದರೆ, ಹೊಸದಕ್ಕೂ ಧೂಳಿರುತ್ತದೆ ಎಂದರು. ಸ್ಕ್ರೂ ತಿರುಗಿಸುವಾಗ ಅವರ ಕಣ್ಣು ಕೈಯ ಮೇಲೆ ಇರುತ್ತಿರಲಿಲ್ಲ. ಬೆರಳಿಗೇ ಕಣ್ಣಿತ್ತು.

ಎಲ್ಲ ಕೂಡಿಸಿ ರೇಸು ಹಾಕಿ, ಮೊದಲು ನೀವೇ ಓಡಿಸಿ ಅಣ್ಣಾ ಎಂದೆ. ಆ ಮನುಷ್ಯ ಅಷ್ಟು ಜನರಿಗೆ ಆಟದ ಕಂಪ್ಯೂಟರ್ ಕಟ್ಟಿಕೊಟ್ಟವರು, ಒಂದು ಸಲವೂ ಆಡಿರಲಿಲ್ಲ. ರಸ್ತೆಯ ಎಡಗಡೆ ಹಿಡಿದುಕೊಂಡು, ತಿರುವು ಬಂದಾಗಲೆಲ್ಲ ನಿಧಾನ ಮಾಡಿ, ಹಿಂದಿನ ಕಾರುಗಳಿಗೆಲ್ಲ ದಾರಿ ಬಿಟ್ಟುಕೊಟ್ಟು, ಕಟ್ಟಕಡೆಯವರಾಗಿ ಊರು ಸೇರಿದರು. ಒಂದು ಗೀರೂ ಬೀಳದ ಕಾರನ್ನು ತೋರಿಸಿ ಓಡ್ತೈತೆ ಎಂದರು. ನಾನೂ ಅಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅಪ್ಪ ಅವರನ್ನು ಬೇವಿನ ಕಟ್ಟೆಗೆ ಕರೆದೊಯ್ದು ಆಡು ಹುಲಿಯಲ್ಲಿ ಮೂರು ಸಲ ಸೋಲಿಸಿದ. ಸೋತಾಗಲೆಲ್ಲ ಎಲ್ಲಿ ತಪ್ಪಿದೆ ತೋರಿಸಿ ಎಂದು ಕೇಳುತ್ತಿದ್ದರಂತೆ. ಸೋತು ಹೀಗೆ ಕೇಳುವ ಗಂಡಸನ್ನು ಅಪ್ಪ ಅದುವರೆಗೂ ನೋಡಿರಲಿಲ್ಲ. ಕೂಲಿ ಎಂದರೆ ಬೇಡ ಎಂದರು, ಊಟ ಮಾಡಿ ಬಸ್ಸು ಹತ್ತಿದರು.

ಮಾವಿನ ಕಾಲ ಬಂತು. ಅಪ್ಪ ಎರಡು ಬುಟ್ಟಿ ಹಣ್ಣು ಕಟ್ಟಿದ. ಮಾವಿಗೇ ಹೆಸರಾದ ಸೇಲಂಗೆ ಮಾವಿನಹಣ್ಣು ಹೊತ್ತುಕೊಂಡು ಹೋಗುವವರು ನೀವೊಬ್ಬರೇ ಎಂದು ಅಮ್ಮ ಚುಡಾಯಿಸಿದಳು. ಒಂದು ಬುಟ್ಟಿ ಬಲ್ಬಣ್ಣನಿಗೆ, ಇನ್ನೊಂದು ಮುದಲಾಳಿಗೆ. ಪದ್ಧತಿ ಪದ್ಧತಿಯೇ ಅಲ್ಲವೆ?

ನಾನೂ ಜೊತೆಗಿದ್ದೆ. ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಅಪ್ಪ ಮುದಲಾಳಿಯ ಮುಂದೆ ಬುಟ್ಟಿ ಇಟ್ಟು, ಟವೆಲನ್ನು ಕಂಕುಳಿಗೆ ಸಿಕ್ಕಿಸಿ, ಅಂಗಡಿಗೆಲ್ಲ ಕೇಳುವ ದನಿಯಲ್ಲಿ ತಮಿಳಿನಲ್ಲಿ ಶುರು ಮಾಡಿದ. ಬಲ್ಬಣ್ಣನ ಹೆಸರು ಹೇಳಿ, ಇಂಥ ಮನುಷ್ಯ ನಿಮ್ಮ ಹತ್ತಿರ ಇರುವುದು ನಿಮ್ಮ ಪುಣ್ಯ ಎಂದ. ನಮಗೆ ಬೇಡದ್ದನ್ನು ಬೇಡ ಅಂದ, ಈ ಗೋಡೆಯ ಬೋರ್ಡು ನಿಮ್ಮ ಮಗಳ ಆಟಕ್ಕೆ ಆಗುವುದಿಲ್ಲ, ಹಿಂದಿನ ಬೀದಿಯಲ್ಲಿ ಕೊಂಡುಕೊಳ್ಳಿ ಅಂದ, ಭಾನುವಾರ ಮನೆಗೆ ಬಂದು ಕೂಡಿಸಿ ಕಾಸು ಮುಟ್ಟಲಿಲ್ಲ ಎಂದ. ಕನ್ನಡದಲ್ಲಿ ಮುಚ್ಚಿಟ್ಟು ಕೊಟ್ಟದ್ದನ್ನು ಅಪ್ಪ ಒಂದೊಂದಾಗಿ ತಮಿಳಿಗೆ ಬಿಚ್ಚಿಟ್ಟ.

ಇದು ಅವರ ಕೆಲಸಕ್ಕೆ ಕುತ್ತು ಎಂದು ಎರಡನೇ ವಾಕ್ಯಕ್ಕೇ ನನಗೆ ತಿಳಿದಿತ್ತು. ಅಪ್ಪನ ತೋಳು ಹಿಡಿದು ನಿಲ್ಲಿಸಬಹುದಿತ್ತು. ಹೊಗಳುವ ಅಪ್ಪನನ್ನು ಜನರ ಮುಂದೆ ತಡೆಯಲು ನಾಚಿಕೆಯಾಯಿತು. ಆ ನಾಚಿಕೆಗೆ ನಾನು ಇನ್ನೂ ನಾಚುತ್ತೇನೆ. ಒಳಗಿನ ಮೇಜಿನಲ್ಲಿ ರಬ್ಬರು ಉಜ್ಜುತ್ತಿದ್ದ ಕೈ ನಿಂತಿತು. ಬಲ್ಬಣ್ಣ ತಲೆಯೆತ್ತಿ ಅಪ್ಪನನ್ನು ನೋಡಿದರು. ಸಿಟ್ಟಿರಲಿಲ್ಲ. ಮೇಷ್ಟರು ತನ್ನ ಹೆಸರು ಕರೆದು ನಿಲ್ಲಿಸಿದ ಹುಡುಗನ ಮುಖ ಇರುತ್ತದಲ್ಲ, ಅಂಥದ್ದು. ಮುದಲಾಳಿ ನಕ್ಕು, ಹಣ್ಣು ತೆಗೆದುಕೊಂಡು, ನಮಗೆ ಟೀ ತರಿಸಿಕೊಟ್ಟರು. ಅಪ್ಪ ದಾರಿಯುದ್ದಕ್ಕೂ ಖುಷಿಯಾಗಿದ್ದ.

ಮುಂದಿನ ತಿಂಗಳು ಪವರ್ ಸಪ್ಲೈನ ಫ್ಯಾನು ಸದ್ದು ಮಾಡುತ್ತದೆ ಎಂದು ಹೋದೆ. ಮೇಜಿನ ಹಿಂದೆ ಬೇರೆ ಯಾರೋ ಇದ್ದರು. ಕೆಳಗಿನ ಟೀ ಅಂಗಡಿಯವನು ಹೇಳಿದ: ಹಣ್ಣು ಬಂದ ದಿನ ಸಂಜೆಯೇ, ನಾಳೆಯಿಂದ ಬರಬೇಡ ಎಂದರಂತೆ.

ಮನೆಗೆ ಬಂದು ಹೇಳಿದೆ. ಅಪ್ಪ ನಾಲಿಗೆ ಕಚ್ಚಿಕೊಂಡ. ಅದು ಎರಡನೇ ಸಲ. ಅವತ್ತು ಊಟ ಮಾಡಲಿಲ್ಲ. ಎಡಪ್ಪಾಡಿಗೆ ಹೋಗಿ ನೋಡಿಕೊಂಡು ಬರೋಣ ಎಂದರೆ, ಮುಖ ತೋರಿಸಲು ಆಗುವುದಿಲ್ಲ, ನೀನೇ ಹೋಗು ಎಂದ.

ಹೋದೆ. ಹಂಚಿನ ಮನೆ. ಬಲ್ಬಣ್ಣ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಿದ್ದರು. ನನ್ನನ್ನು ಕಂಡು, ನಿಮ್ಮೂರ ಧೂಳಿಗೆ ಫ್ಯಾನು ಸದ್ದು ಮಾಡುತ್ತಾ ಎಂದು ಅವರೇ ಕೇಳಿದರು. ನನಗೆ ಅಳು ಬಂತು. ತಪ್ಪಾಯ್ತಣ್ಣಾ, ಅಪ್ಪಂಗೆ ಗೊತ್ತಾಗಲಿಲ್ಲ ಎಂದೆ. ಅವರು ಮಗ್ಗ ನಿಲ್ಲಿಸಿದರು.

"ಆರು ವರ್ಸ ಆ ಅಂಗ್ಡೀಲಿ ಕೂತಿದ್ದೆ. ಎಷ್ಟು ಜನ ಬಂದ್ರು, ಒಬ್ರೂ ಮುದಲಾಳಿ ಮುಂದೆ ನನ್ನ ಒಳ್ಳೇವ್ನು ಅನ್ಲಿಲ್ಲ. ನಿಮ್ಮಪ್ಪ ಅಂದ್ರು. ಕೆಲ್ಸ ಓಯ್ತು, ಓಗ್ಲಿ. ಆ ಮಾತು ನಂದೇ ತಾನೆ?" ಎಂದರು. ಮತ್ತೆ ಮಗ್ಗಕ್ಕೆ ಕೈ ಹಾಕುತ್ತಾ, "ಮಾವಿನಣ್ಣು ಸೀಯಾಗಿತ್ತು ಅಂತ ಏಳಮ್ಮಾ ಅವ್ರಿಗೆ," ಎಂದು ಸೇರಿಸಿದರು.

ಇದು ಸುಲಭದ ಮಾತಲ್ಲ. ಆ ಮನೆಯಲ್ಲಿ ಎರಡು ವರ್ಷ ಕಷ್ಟವೇ ಇತ್ತು ಎಂದು ಆಮೇಲೆ ತಿಳಿಯಿತು. ಮಗ್ಗದ ಪಕ್ಕದಲ್ಲೇ ಜಗಲಿಯ ಮೇಲೆ ರಿಪೇರಿಗೆ ಕೂತರು. ಹೊರಗೆ ಅಂಗಡಿಯ ಹೆಸರಿನ ಬೋರ್ಡು ಬರೆಸಲಿಲ್ಲ. ನಾನು ಗೆಳತಿಯರನ್ನು ಕಳಿಸಿದೆ, ಅವರು ಇನ್ನೊಬ್ಬರನ್ನು ಕಳಿಸಿದರು, ನಿಧಾನವಾಗಿ ಜಗಲಿ ತುಂಬಿತು. ಬಂದವರಿಗೆಲ್ಲ ಅದೇ ಮೊದಲ ಪ್ರಶ್ನೆ, ಬಲ್ಬಿನದು. ಈಗ ಅರ್ಧ ನಿಜ ಹೇಳುವ ಅಗತ್ಯ ಇರಲಿಲ್ಲವಾದ್ದರಿಂದ ಯಾವ ಭಾಷೆಯವರಿಗೂ ಪೂರ್ತಿ ಹೇಳುತ್ತಿದ್ದರಂತೆ. ಕೊಳ್ಳಲು ಬಂದವರಿಗೆ ಬೇಡ, ಹಳೆಯದೇ ಸಾಕು ಎಂದು ಹೇಳಿ ಕಳಿಸುವ ವ್ಯಾಪಾರಿ ಹೇಗೆ ಬದುಕಿದ ಎಂದು ಕೇಳಬೇಡಿ. ಬದುಕಿದರು, ಇಬ್ಬರು ಹೆಣ್ಣುಮಕ್ಕಳನ್ನೂ ಓದಿಸಿದರು.

ಕೆಟ್ಟುಹೋದದ್ದು ಅಪ್ಪ. ಸೀಯಾಗಿತ್ತು ಎಂದ ಸುದ್ದಿ ಮುಟ್ಟಿಸಿದರೂ ಅವನು ಎಡಪ್ಪಾಡಿಗೆ ಹೋಗಲಿಲ್ಲ. ಅಷ್ಟೇ ಅಲ್ಲ, ಆವತ್ತಿನಿಂದ ಯಾರನ್ನೂ ಹೊಗಳಲಿಲ್ಲ. ನಾನು ಆ ರೇಸನ್ನು ಕೊನೆ ಮುಟ್ಟಿಸಿ ಗೆದ್ದಾಗ 'ಪರವಾಗಿಲ್ಲ' ಎಂದ. ನನಗೆ ಕೆಲಸ ಸಿಕ್ಕಾಗ ಪರವಾಗಿಲ್ಲ, ಮೊಮ್ಮಗಳನ್ನು ಎತ್ತಿಕೊಂಡಾಗಲೂ ಪರವಾಗಿಲ್ಲ. ಇಪ್ಪತ್ತೈದು ವರ್ಷ ಆ ಒಂದು ಮಾತಿನಲ್ಲೇ ದೂಡಿದ.

ಸಾವಿನ ಸುದ್ದಿ ಹೇಳಿದಾಗ ಅಪ್ಪ ಎದ್ದು ಬಿಳಿ ಷರ್ಟು ಹುಡುಕಿದ. ಎಪ್ಪತ್ತೈದರ ಹತ್ತಿರದ ಮುದುಕ, ಮಂಡಿ ನೋವು, ಬೇಡ ಎಂದರೂ ಕೇಳಲಿಲ್ಲ. ಎರಡು ಬಸ್ಸು ಬದಲಾಯಿಸಿ ಎಡಪ್ಪಾಡಿ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜಗಲಿಯ ಮೇಲೆ ಬಿಚ್ಚಿಟ್ಟ ಮೂರು ಕಂಪ್ಯೂಟರ್ ಕ್ಯಾಬಿನೆಟ್ಟುಗಳು ಹಾಗೇ ಇದ್ದವು. ಅಂಗಳದಲ್ಲಿ ಜನ ಕೂತಿದ್ದರು, ಅವರಲ್ಲಿ ಅರ್ಧ ಗಿರಾಕಿಗಳೇ ಇರಬೇಕು. ಬಾಗಿಲ ಬಳಿ ಅಪ್ಪ ನನ್ನ ಕೈ ಹಿಡಿದು ನಿಲ್ಲಿಸಿದ.

"ಈಗ ಅವಂಗೆ ಮುದಲಾಳಿ ಅಂತ ಯಾರೂ ಇಲ್ಲ ತಾನೆ?" ಎಂದು ಕೇಳಿದ.

"ಇಲ್ಲಪ್ಪಾ," ಎಂದೆ.

ಅಪ್ಪ ಟವೆಲನ್ನು ಕಂಕುಳಿಗೆ ಸಿಕ್ಕಿಸಿದ. ಅಂಗಳಕ್ಕೆ ಹೋಗಿ, ಎಲ್ಲರಿಗೂ ಕೇಳುವ ದನಿಯಲ್ಲಿ, ತಮಿಳಿನಲ್ಲಿ, ಆವತ್ತು ಹೇಳಿದ್ದನ್ನೇ ಮೊದಲಿನಿಂದ ಹೇಳಿದ. ಹೆಸರು ಹೇಳಿದ. ನಮಗೆ ಬೇಡದ್ದನ್ನು ಬೇಡ ಅಂದ ಎಂದ. ಈ ಸಲ ಕೊನೆಗೆ ಒಂದು ಮಾತು ಹೆಚ್ಚಿತ್ತು: ಅವನ ಕೆಲಸ ತೆಗೆದದ್ದು ನನ್ನ ಬಾಯಿ. ಒಳಗಿಂದ ಬಲ್ಬಣ್ಣನ ಹೆಂಡತಿ ಎದ್ದು ಬಂದು ಅಪ್ಪನ ಮುಖವನ್ನೇ ನೋಡಿದರು.

"ಮಾವಿನಣ್ಣು ತಂದೋರು ನೀವೇ ತಾನೆ?" ಎಂದರು. "ವರ್ಸಾ ವರ್ಸಾ ಅಣ್ಣು ಬಂದಾಗೆಲ್ಲ ನಿಮ್ಮ ಮಾತ ಏಳೋರು. ಒಂದ್ಸಲ ಬತ್ತಾರೆ ಅಂತ ಕಾಯ್ತಿದ್ರು."

ಅಪ್ಪ ಅಲ್ಲೇ ನೆಲದ ಮೇಲೆ ಕೂತು ಮಗುವಿನ ಹಾಗೆ ಅತ್ತ. ನಾನೂ ಅತ್ತೆ.

ವಾಪಸು ಬರುವಾಗ ಬಸ್ಸು ಕಿಕ್ಕಿರಿದಿತ್ತು. ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಸೇಲಂ ದಾಟಿದ ಮೇಲೆ ಟಿಕೆಟಿಗೆಂದು ಬಂದ ಕಂಡಕ್ಟರನನ್ನು ನಿಲ್ಲಿಸಿಕೊಂಡ. ನನ್ನ ತಲೆಯ ಮೇಲೆ ಕೈಯಿಟ್ಟು, ಇವಳು ನನ್ನ ಮಗಳು, ಹರೂರಿನಲ್ಲಿ ಟೀಚರು, ಇವಳಷ್ಟು ಚೆನ್ನಾಗಿ ಪಾಠ ಮಾಡುವವರನ್ನು ನಾನು ನೋಡಿಲ್ಲ ಎಂದು ಹೇಳಿದ. ತಮಿಳಿನಲ್ಲೇ ಹೇಳಿದ, ಬಸ್ಸಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ.